ಓಣಿಗೆ ಬಂದ ತೊಂಬತ್ತೆರಡು ಹೆಜ್ಜೆ

“ಇವತ್ತೂ ಕಾರಣದ ಕಾಲಂ ಖಾಲಿ ಬಿಟ್ಟೆ.” ಮೂರನೆಯ ಸೋಮವಾರ ದಿನಚರಿಯಲ್ಲಿ ಇದೊಂದೇ ಸಾಲು ಬರೆದೆ. ಯಾರಾದರೂ ಓದಿಬಿಟ್ಟರೆ ಎಂದು ಹೆದರಿ ಪುಸ್ತಕವನ್ನು ಗೋಧಿ ಡಬ್ಬಿಯ ಹಿಂದೆ ಇಟ್ಟೆ. ಅವ್ವ ಗೋಧಿ ತೆಗೆಯಲು ಬಂದರೆ ಎಂದು ಹೆದರಿ ವಾಪಸು ತಂದು ತಲೆದಿಂಬಿನ ಕೆಳಗೆ ತೂರಿಸಿದೆ. ಒಂದು ಸಾಲಿಗೆ ಇಷ್ಟು ಓಡಾಟ. ನಾನು ಇಂಥವಳೇ. ಅಂಗಡಿಯವನು ಸಕ್ಕರೆಯ ಬದಲು ಉಪ್ಪು ಕಟ್ಟಿಕೊಟ್ಟರೆ ಮನೆಗೆ ತಂದು, ಉಪ್ಪೂ ಬೇಕಾಗಿತ್ತು ಎಂದು ನನಗೇ ಹೇಳಿಕೊಳ್ಳುವವಳು.

ಕಾಲಂ ಎಂದರೆ ನಮ್ಮೂರಿನ ನಕ್ಷೆಯ ಕಾಲಂ. ನಮ್ಮೂರಿನಲ್ಲಿ ಇಬ್ಬರು ಮುನಿಸಿಕೊಂಡರೆ ಅವರ ನಡುವಿನ ದಾರಿ ಉದ್ದವಾಗುತ್ತದೆ. ರಾಜಿಯಾದರೆ ಮತ್ತೆ ಮೊದಲಿನಷ್ಟಾಗುತ್ತದೆ. ಅದಕ್ಕೆ ತಕ್ಕ ಹಾಗೆ ನಾವು ಇದ್ದೇವೆ. ಲೈನ್‌ಮನ್ ಒಂದೊಂದು ಕಂಬಕ್ಕೂ ಎರಡು ಸುತ್ತು ಹೆಚ್ಚಿನ ತಂತಿ ಸುತ್ತಿಟ್ಟಿರುತ್ತಾನೆ. ನಳ ರಿಪೇರಿಯವನು ಬೀಗರ ಮನೆಗೆ ಊಟಕ್ಕೆ ಹೋದರೂ ಹೆಗಲ ಮೇಲೆ ಒಂದು ಮಾರು ಪೈಪು ಇದ್ದೇ ಇರುತ್ತದೆ. ಗ್ಯಾಸ್ ಸಿಲಿಂಡರ್ ಬರುವ ದಿನ ಹಿರಿಯರು ಓಣಿಯ ಬಾಯಿಗೆ ನಿಂತು, “ಏನಿದ್ರೂ ಈಗ ಬೈದಾಡಿ ಮುಗಿಸ್ರೆವಾ, ಗಾಡಿ ಬರೂ ಹೊತ್ತಾತು” ಎಂದು ಕೂಗುತ್ತಾರೆ. ಹತ್ತು ನಿಮಿಷ ಓಣಿಯೆಲ್ಲ ಬೈದಾಡುತ್ತದೆ. ಆಮೇಲೆ ಸಿಲಿಂಡರ್ ಬರುತ್ತದೆ. ನಮ್ಮೂರಿನವರು ಸಿಟ್ಟನ್ನು ಒಲೆಯ ಮೇಲಿನ ಹಾಲಿನ ಹಾಗೆ ನೋಡಿಕೊಳ್ಳುತ್ತಾರೆ, ಉಕ್ಕಿತೋ ಇಳಿಸಿಬಿಡುತ್ತಾರೆ. ಬಾಯಿಮುಚ್ಚಿಕೊಂಡು ಸಿಟ್ಟಾಗುವವರು ನನ್ನನ್ನು ಬಿಟ್ಟರೆ ಯಾರೂ ಇದ್ದ ಹಾಗಿಲ್ಲ.

ತೊಂದರೆಯೆಲ್ಲ ಹೊರಗಿನಿಂದ ಬರುವವರಿಗೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ನಮ್ಮೂರಿನ ಜಗಳ ಕಾಣುವುದಿಲ್ಲ. ಫೋನು ಮೂರು ನಿಮಿಷ ಅನ್ನುತ್ತದೆ, ದಾರಿ ಅರ್ಧ ಗಂಟೆ ಹಿಡಿಯುತ್ತದೆ. ಹೋದ ವರ್ಷ ಫ್ಯಾನು ಮಾರಲು ಬಂದವನೊಬ್ಬ ವಾರಗಿತ್ತಿಯರ ಓಣಿಯಲ್ಲಿ ಸಿಕ್ಕಿಕೊಂಡಿದ್ದ. “ನೀವು ತಲುಪಿದ್ದೀರಿ, ನೀವು ತಲುಪಿದ್ದೀರಿ” ಎಂದು ಅವನ ಜೇಬಿನೊಳಗಿಂದ ಒಂದು ಹೆಣ್ಣುದನಿ ಹೇಳುತ್ತಲೇ ಇತ್ತು, ಪಾಪ ಅವನು ನಡೆಯುತ್ತಲೇ ಇದ್ದ. ಕೊನೆಗೆ ಕಟ್ಟೆಯ ಮೇಲೆ ಕೂತು ಅತ್ತನಂತೆ. ಭೂಗೋಳದಲ್ಲಿ ಬಿ.ಎ. ಮಾಡಿ ಮನೆಯಲ್ಲಿ ಕೂತಿದ್ದ ನನಗೆ ಆಗ ಹೊಳೆಯಿತು. ನಮ್ಮೂರಿಗೆ ನಮ್ಮದೇ ನಕ್ಷೆ ಬೇಕು. ಪ್ರತಿ ಸೋಮವಾರ ಒಂದೊಂದು ಓಣಿಯಲ್ಲೂ ಯಾರಾದರೂ ಗಾಲಿ ಉರುಳಿಸಿಕೊಂಡು ಹೋಗಬೇಕು. ಉದ್ದನೆಯ ಹಿಡಿಕೆ, ತುದಿಗೆ ಗಾಲಿ, ಗಾಲಿಯ ಪಕ್ಕ ಹೆಜ್ಜೆ ಎಣಿಸುವ ಪುಟ್ಟ ಡಬ್ಬಿ. ಆ ಅಂಕಿಯನ್ನು ಫೋನಿನಲ್ಲಿ ಓಣಿಯ ಗೆರೆಯ ಮೇಲೆ ತುಂಬಬೇಕು. ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ತಿದ್ದಬಹುದು, ತಿದ್ದಿದವರ ಹೆಸರು ಪಕ್ಕದಲ್ಲಿ ಕಾಣುತ್ತದೆ. ಫೋನಿಲ್ಲದವರಿಗಾಗಿ ಬಸ್‌ಸ್ಟ್ಯಾಂಡಿನ ಗೋಡೆಗೆ ದೊಡ್ಡ ಕಾಗದದಲ್ಲಿ ಅಂಟಿಸಬೇಕು. ಕಾಲಂ ನಾಲ್ಕು: ಓಣಿ, ದಿನಾಂಕ, ಹೆಜ್ಜೆ, ಕಾರಣ.

ಜನಕ್ಕೆ ಹಿಡಿಸಿದ್ದು ನಾಲ್ಕನೆಯದು. ನೀರಿನ ಟ್ಯಾಂಕರಿನವರು ಹೆಜ್ಜೆ ನೋಡಿ ದಾರಿ ಹಿಡಿದರೆ, ಉಳಿದವರೆಲ್ಲ ಕಾರಣ ಓದಲಿಕ್ಕೇ ಬಸ್‌ಸ್ಟ್ಯಾಂಡಿಗೆ ಬರತೊಡಗಿದರು. “ಕೋಳಿ.” “ಅತ್ತೆಯ ಹಸಿರು ಸೀರೆ.” “ಕರೆಯದೆ ಹೋದದ್ದು.” “ಕರೆದರೂ ಬಾರದ್ದು.” ಮದುವೆ ಮನೆಯವರು ಮೆರವಣಿಗೆಯ ದಾರಿ ಗೊತ್ತುಮಾಡುವ ಮೊದಲು ನಕ್ಷೆ ತೆಗೆದು, ಅಡ್ಡ ಬರುವ ನಾಲ್ಕು ಮುನಿಸುಗಳನ್ನು ಬಗೆಹರಿಸಿಯೇ ಬ್ಯಾಂಡಿನವರನ್ನು ಕರೆಸುತ್ತಿದ್ದರು. ಪುರಸಭೆಯೂ ಅದನ್ನೇ ಹಿಡಿಯಿತು. ಅಂಗನವಾಡಿಗೆ ಬರುವ ಯಾವ ಮಗುವೂ ಮುನ್ನೂರು ಹೆಜ್ಜೆಗಿಂತ ಹೆಚ್ಚು ನಡೆಯಬಾರದು, ದಾಟಿದ ಸೋಮವಾರವೇ ಅಂಗನವಾಡಿಯನ್ನು ಬೇರೆ ಓಣಿಗೆ ವರ್ಗ ಮಾಡುವುದು ಎಂದು ಠರಾವಾಯಿತು. ಒಳ್ಳೆಯ ಠರಾವು. ಅದಕ್ಕೆ ಟಿಪ್ಪಣಿ ಬರೆದವಳೂ ನಾನೇ. ನಮ್ಮ ಓಣಿಯ ಬಾಯಿಯಲ್ಲಿರುವ ನಮ್ಮ ಮನೆಯಿಂದ ಕೊನೆಯಲ್ಲಿರುವ ಅಂಗನವಾಡಿಗೆ ಆಗ ಇನ್ನೂರ ಹನ್ನೆರಡು ಹೆಜ್ಜೆ ಇತ್ತು.

ಆ ಅಂಗನವಾಡಿಯ ಟೀಚರ್, ಅದರ ಪಕ್ಕದ ಮನೆಯವಳೇ ಆದ ದ್ರಾಕ್ಷಾಯಿಣಿ. ಓಣಿಗೆಲ್ಲ ದ್ರಾಕ್ಷಿ. ನನ್ನ ಗೆಳತಿ. ಗೆಳತಿ ಅನ್ನುವುದಕ್ಕಿಂತ ನನ್ನ ಬಾಯಿ ಅಂದರೂ ನಡೆಯುತ್ತದೆ. ಮೂರನೆಯ ಇಯತ್ತೆಯಲ್ಲಿ ಆಗಸ್ಟ್ ಹದಿನೈದರ ಭಾಷಣಕ್ಕೆ ನಿಂತು ನನಗೆ ಮಾತು ಕಟ್ಟಿದಾಗ, ಸಾಲಿನಿಂದ ಓಡಿಬಂದು ನನ್ನ ಪಕ್ಕ ನಿಂತವಳು. “ನೀ ಸುಮ್ನ ನಿಂದ್ರ, ನಾ ಹೇಳ್ತೀನಿ” ಅಂದಳು, ಹೇಳಿಯೂಬಿಟ್ಟಳು. ಅವತ್ತು ಅವಳ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ ನನ್ನ ಪಾಲಿನ ಚುರುಮುರಿಯನ್ನೂ ಕೊಟ್ಟೆ. ಆಮೇಲೆ ಹದಿನಾರು ವರ್ಷ ಅವಳು ಹೇಳುತ್ತಲೇ ಬಂದಳು. ನನಗೆ ಚಹಾ ಬೇಡ ಅಂತ, ನನಗೆ ಹಳದಿ ಒಪ್ಪುವುದಿಲ್ಲ ಅಂತ, ನನಗೆ ಆ ಗಂಡು ಮನಸ್ಸಿಗೆ ಬಂದಿಲ್ಲ ಅಂತ. ಮೂರನೆಯದರಲ್ಲಿ ಅವಳು ಹೇಳಿದ್ದು ಸರಿಯಾಗಿತ್ತು. ಹಳದಿಯ ವಿಷಯದಲ್ಲಿ ತಪ್ಪು.

ಠರಾವಾದ ಮೇಲೆ, ನಕ್ಷೆಯನ್ನು ಪುರಸಭೆ ತನ್ನದೆಂದು ಸಾರುವ ದಿನ ಅಲ್ಲಿ ಸಭೆ ಇತ್ತು. ನಾಲ್ಕು ಹಾಳೆ ಬರೆದುಕೊಂಡಿದ್ದೆ. ಎಂಟು ದಿನ ನಮ್ಮ ಎಮ್ಮೆಯ ಮುಂದೆ ನಿಂತು ಓದಿ ಅಭ್ಯಾಸ ಮಾಡಿದ್ದೆ. ಎಮ್ಮೆ ಎಲ್ಲೂ ಆಕ್ಷೇಪಿಸಿರಲಿಲ್ಲ. ನನ್ನ ಹೆಸರು ಕರೆದರು, ಎದ್ದೆ. ಖರೆ ಹೇಳುತ್ತೇನೆ, ಈ ಸಲ ಮಾತು ಬರುತ್ತಿತ್ತು. ಗಂಟಲಿನವರೆಗೂ ಬಂದಿತ್ತು. ಅಷ್ಟರಲ್ಲಿ ದ್ರಾಕ್ಷಿ ನನ್ನ ಕೈಯಿಂದ ಹಾಳೆ ತಗೊಂಡು, “ಈಕಿಗೆ ಸಭಾದಾಗ ಮಾತಾಡಾಕ ಬರಂಗಿಲ್ಲ್ರೀ, ನಾ ಹೇಳ್ತೀನಿ” ಎಂದು ಮುಂದೆ ಹೋದಳು. ಚೆಂದ ಹೇಳಿದಳು. ನಾನು ಬರೆಯದ ಎರಡು ಚಟಾಕಿಗಳನ್ನೂ ಹಾರಿಸಿದಳು. ಅಧ್ಯಕ್ಷರು ಅವಳಿಗೆ ಶಾಲು ಹೊದಿಸಿದರು. ವಾಪಸು ಬರುವಾಗ ಆ ಶಾಲನ್ನು ತೆಗೆದು ನನ್ನ ಹೆಗಲಿಗೇ ಹಾಕಿದಳು. “ತಗೋ, ಇದು ನಿಂದ. ನಿನಗೇನೂ ಅನ್ನಿಸಿಲ್ಲ ಹೌದಿಲ್ಲೊ?” ಅಂದಳು. “ಪರವಾಗಿಲ್ಲ” ಅಂದೆ. ಶಾಲು ಕೊಡದೆ ಇದ್ದಿದ್ದರೆ ಚೆನ್ನಾಗಿತ್ತು. ಇಷ್ಟು ಒಳ್ಳೆಯವರ ಮೇಲೆ ಸಿಟ್ಟಾಗುವುದು ಬಹಳ ಕಷ್ಟದ ಕೆಲಸ. ಮರುದಿನ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ನನ್ನ ಹಳೆಯ ಕಾಗದದ ಜಾಗಕ್ಕೆ ಪುರಸಭೆಯ ಹೊಸ ನಕ್ಷೆ ಬಂತು. ತಲೆಬರಹವನ್ನು ಪುರಸಭೆಯ ಪೇಂಟರು ಬರೆದಿದ್ದ: ದ್ರಾಕ್ಷಿ ನಕ್ಷಾ.

ಆ ಸೋಮವಾರ ಗಾಲಿ ಉರುಳಿಸಿದೆ. ಇನ್ನೂರ ಮೂವತ್ತೊಂದು. ಓಣಿಯ ನಡುಮಧ್ಯದಲ್ಲಿ, ಟೇಲರ್ ಮಕ್ತುಮಸಾಬರ ಮನೆಗೂ ಸಂಡಿಗೆಯ ಶಿವಗಂಗವ್ವನ ಮನೆಗೂ ನಡುವೆ, ಹೊಸ ಬಯಲೊಂದು ಬಂದು ಕೂತಿತ್ತು. ಇಬ್ಬರೂ ಖುಷಿಯಾಗಿದ್ದರು. ಶಿವಗಂಗವ್ವ ಅಷ್ಟುದ್ದ ಚಾಪೆ ಹಾಸಿ ಸಂಡಿಗೆ ಒಣಗಿಸಿದ್ದಳು, ಮಕ್ತುಮಸಾಬರು ಕೋಲು ಹಿಡಿದು ಕಾಗೆ ಓಡಿಸುತ್ತಿದ್ದರು. “ನೋಡವಾ ಕಸ್ತೂರಿ, ಯಾರೋ ಪುಣ್ಯಾತ್ಮರು ಜಗಳಾಡಿ ನಮಗ ಅಂಗಳಾ ಕೊಟ್ಟಾರ!” ಎಂದು ಮುದುಕಿ ನಕ್ಕಳು. ನಾನೂ ನಕ್ಕೆ. ಕಾರಣದ ಕಾಲಮ್ಮಿಗೆ ಬಂದಾಗ ಬೆರಳು ನಿಂತಿತು. ಖಾಲಿ ಬಿಟ್ಟೆ.

ಆ ಬಯಲು ನನ್ನದೇ ಎಂದು ಖಾತ್ರಿಯಾದದ್ದು ಎರಡನೆಯ ವಾರ, ಜ್ವರ ಬಂದಾಗ. ದ್ರಾಕ್ಷಿ ಗಂಜಿ ತಂದು, ಪಕ್ಕದಲ್ಲಿ ಕೂತು ಹಣೆ ಒತ್ತಿದಳು. ಅವಳು ಹೋದ ಮೇಲೆ ತಲೆಗೆ ಟವೆಲು ಕಟ್ಟಿಕೊಂಡು ಕದ್ದು ಅಳೆದೆ. ಐದು ಹೆಜ್ಜೆ ಕಡಿಮೆ! ಸಂಜೆ ಡಾಕ್ಟರು ಬಂದು “ಎಲ್ಲಿ ನೋಯ್ತದ?” ಎಂದು ನನ್ನನ್ನು ಕೇಳಿದರು. “ಎಡಗಡಿ ತಲಿರೀ” ಎಂದಳು ದ್ರಾಕ್ಷಿ. ನೋಯುತ್ತಿದ್ದುದು ಬಲಗಡೆ. ಮತ್ತೆ ಅಳೆದೆ, ಒಂಬತ್ತು ಹೆಚ್ಚು. ಬರೆದರೆ ಇಳಿಯಬಹುದು ಎಂದು ಮೂರು ಪುಟ ತುಂಬ ಸಿಟ್ಟನ್ನು ದಿನಚರಿಯಲ್ಲಿ ಬರೆದೆ. ಬಲಗಡೆ, ಬಲಗಡೆ, ಬಲಗಡೆ ಎಂದು ಅಡಿಗೆರೆಯನ್ನೂ ಎಳೆದೆ. ಬೆಳಿಗ್ಗೆ ನೋಡಿದರೆ ಇನ್ನೂ ನಾಲ್ಕು ಹೆಜ್ಜೆ ಸೇರಿತ್ತು. ಬರೆದಿಟ್ಟ ಸಿಟ್ಟು ಉಪ್ಪಿನಕಾಯಿಯ ಹಾಗೆ, ಕೆಡುವುದೇ ಇಲ್ಲ. ಎರಡನೆಯ ಸೋಮವಾರ ಇನ್ನೂರ ಐವತ್ತನಾಲ್ಕು ತುಂಬಿ, ಕಾರಣ ಮತ್ತೆ ಖಾಲಿ ಬಿಟ್ಟೆ.

ಖಾಲಿ ಜಾಗವನ್ನು ನಮ್ಮೂರು ಸಹಿಸುವುದಿಲ್ಲ. ಮಧ್ಯಾಹ್ನದೊಳಗೆ ಯಾರೋ ಅದನ್ನು ತುಂಬಿದ್ದರು. “ಮಕ್ತುಮಸಾಬ್ – ಶಿವಗಂಗವ್ವ. ಬಹುಶಃ ಸಂಡಿಗೆ.” ಪಕ್ಕದಲ್ಲಿ ಹೆಸರು ‘ಊರಿನ ಹಿತೈಷಿ’. ಬಯಲು ಅವರಿಬ್ಬರ ನಡುವೆ ಬಂದಿದೆ, ಅಂದ ಮೇಲೆ ಅವರದೇ ಇರಬೇಕು ಎಂಬುದು ಲೆಕ್ಕ. ತಿದ್ದಬಹುದಿತ್ತು. ತಿದ್ದಿದರೆ ಪಕ್ಕದಲ್ಲಿ ಕಸ್ತೂರಿ ಎಂದು ಬರುತ್ತಿತ್ತು, ಆಮೇಲೆ “ಯಾಕ?” ಎಂದು ಕೇಳುತ್ತಿದ್ದರು. ಎರಡು ದಿನ ಅದೇ ಪುಟವನ್ನು ತೆರೆದು ಮುಚ್ಚಿದೆ. ಮೂರನೆಯ ದಿನ ಪುರಸಭೆಯ ಓವರ್‌ಸಿಯರ್ ಹಾದಿಮನಿ ಸಾಹೇಬರು ಕಪ್ಪು-ಬಸಿ ಹಿಡಿದುಕೊಂಡು ಬಂದೇಬಿಟ್ಟರು.

ಕಪ್ಪು-ಬಸಿ ನಮ್ಮಲ್ಲಿ ರಾಜಿಯ ಪದ್ಧತಿ. ಮುನಿದವರಿಬ್ಬರನ್ನು ಎದುರುಬದುರು ಕೂರಿಸಿ ಒಂದೇ ಚಹಾ ಕೊಡುತ್ತಾರೆ, ಅರ್ಧ ಕಪ್ಪಿನಲ್ಲಿ, ಅರ್ಧ ಬಸಿಯಲ್ಲಿ. ಆರುವುದರೊಳಗೆ ಕುಡಿದು ಎದ್ದರೆ ರಾಜಿ. ಬಯಲಿನ ನಡುವೆ ಎರಡು ಕುರ್ಚಿ, ಒಂದು ಸ್ಟೂಲು ಬಂತು. ಓಣಿಯೆಲ್ಲ ಸೇರಿತು. ನಾನು ಗಾಲಿ ಹಿಡಿದು ನಿಂತೆ.

“ನಾವು ಜಗಳಾನ ಆಡಿಲ್ಲಲ್ರೀ ಸಾಹೇಬ್ರ!” ಎಂದರು ಮಕ್ತುಮಸಾಬರು.

“ಎಲ್ಲಾರೂ ಮೊದಲ ಹಂಗ ಅಂತಾರ. ಕುಡೀರಿ.”

ಶಿವಗಂಗವ್ವ ಮುಖ ಸಣ್ಣದು ಮಾಡಿಕೊಂಡಳು. “ಸಾಬಣ್ಣ, ಖರೇ ಹೇಳು. ನಿನ್ನ ಮನಸಿನಾಗ ಏನರ ಐತೇನು? ನನ್ನ ಕಡಿಂದಂತೂ ಏನಿಲ್ಲಪಾ.”

“ನನ್ನ ಕಡಿಂದಾನೂ ಇಲ್ಲ ಅಕ್ಕ. ಮತ್ತ ಇಷ್ಟು ಜಾಗ ಎಲ್ಲಿಂದ ಬಂತು?”

“ಹಂಗಂದ್ರ ನನ್ನ ಕಡಿಂದ ಬಂತಂತಿ?”

“ನಾ ಎಲ್ಲಿ ಅಂದೆ? ನೀನ ಅಂತಿ.”

“ಹೋದ ಉಗಾದಿಗೆ ರವಿಕಿ ತೋಳು ಬಿಗಿ ಹೊಲದಿದ್ದಿ. ನಾ ಏನರ ಅಂದೆನೇನು?”

“ಈಗ ಅಂದ್ಯಲ್ಲ! ಮತ್ತ ತೋಳು ನಾ ಬಿಗಿ ಮಾಡಿಲ್ಲ. ನಿನ್ನ ಸಂಡಿಗಿ ಮಾಡ್ಯಾವ.”

ಯಾರೋ ಕಿಸಕ್ಕೆಂದರು. ಅಲ್ಲಿಗೆ ಮುಗಿಯಿತು. ಮುದುಕಿಯ ಕುರ್ಚಿ ಅತ್ತ, ಸಾಬರ ಕುರ್ಚಿ ಇತ್ತ, ನಾವು ನೋಡನೋಡುತ್ತಿದ್ದ ಹಾಗೇ ಸರಿದವು. ಸ್ಟೂಲು ಇಬ್ಬರ ಕೈಗೂ ಎಟುಕದ ಹಾಗೆ ನಡುವೆ ಉಳಿಯಿತು. ಚಹಾದ ಮೇಲೆ ಕೆನೆ ಕಟ್ಟಿತು. ನನ್ನ ಬಾಯಿ ತೆರೆಯಿತು. ತೆರೆದದ್ದನ್ನು ದ್ರಾಕ್ಷಿ ನೋಡಿದಳು. “ಕಸ್ತೂರಿಗೆ ಇಂಥಾದ್ದೆಲ್ಲಾ ನೋಡಾಕ ಆಗಂಗಿಲ್ಲ್ರೀ, ಭಾಳ ಮೆತ್ತನ್ನ ಮನಸು” ಎಂದು ನನ್ನ ಕೈಯಿಂದ ಗಾಲಿ ಇಸಿದುಕೊಂಡು ಮನೆಗೆ ಕಳಿಸಿದಳು. ಆ ದಿನ ಓಣಿಗೆ ಸೇರಿದ್ದರಲ್ಲಿ ಎಂಟು ಹೆಜ್ಜೆ ಮುದುಕರದು. ಉಳಿದದ್ದು ಯಾರದೆಂದು ನನಗೊಬ್ಬಳಿಗೆ ಗೊತ್ತಿತ್ತು. ಮೂರನೆಯ ಸೋಮವಾರ ಇನ್ನೂರ ಎಂಬತ್ತೊಂದು. ಆ ಸಾಲು ಬರೆದು ಗೋಧಿ ಡಬ್ಬಿಗೂ ತಲೆದಿಂಬಿಗೂ ಓಡಾಡಿದ್ದು ಅವತ್ತೇ.

ಆ ವಾರ ಓಣಿಯಲ್ಲಿ ಸಂಡಿಗೆ ಒಣಗಲಿಲ್ಲ. ಮಕ್ತುಮಸಾಬರು ಬಾಗಿಲ ಬಳಿ ಇದ್ದ ಹೊಲಿಗೆ ಯಂತ್ರವನ್ನು ಒಳಕ್ಕೆ ಎಳೆದುಕೊಂಡರು. ನಾಲ್ಕು ಗಂಟೆಗೆ ಅವರ ಮನೆಗೆ ಹೋಗುತ್ತಿದ್ದ ಕರಿದ ಸಂಡಿಗೆಯ ತಟ್ಟೆಯನ್ನು ಶಿವಗಂಗವ್ವ ನಮ್ಮ ಮನೆಗೆ ಕಳಿಸಿದಳು. ಒಂದನ್ನೂ ನನಗೆ ತಿನ್ನಲಾಗಲಿಲ್ಲ. ಅಂಗನವಾಡಿಯ ಹನ್ನೊಂದು ಮಕ್ಕಳಲ್ಲಿ ನಮ್ಮ ಎದುರು ಮನೆಯ ಅವಳಿ ಹುಡುಗಿಯರು ದಾರಿಯ ನಡುವೆ ಒಮ್ಮೆ ಕೂತು, ನೀರು ಕುಡಿದು, ಮತ್ತೆ ನಡೆಯುತ್ತಿದ್ದರು. ದ್ರಾಕ್ಷಿ ಮಾತ್ರ ದಿನಾ ಸಂಜೆ ಅಷ್ಟೂ ದೂರ ಏದುತ್ತ ನಡೆದು ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ.

“ಈ ಮುದುಕರಿಬ್ಬರೂ ಕೂಡಿ ನನ್ನ ಕೆಲಸಾ ಕಳೀತಾರ ನೋಡು. ಹಾದಿಮನಿ ಸಾಹೇಬ್ರು ಮುಂದಿನ ಸೋಮವಾರ ತಾವ ಬಂದು ಅಳೀತಾರಂತ. ಮುನ್ನೂರು ದಾಟಿದ್ರ ಅಂಗನವಾಡಿ ಅಕ್ಕಸಾಲಿಗರ ಓಣಿಗೆ. ಅಲ್ಲಿ ಬ್ಯಾರೆ ಟೀಚರ್ ಅದಾಳ. ನಾ ಏನು, ಮನ್ಯಾಗ ಕುಂತು ಗೋಡಿಗೆ ಅಆಇಈ ಕಲಸ್ಲೇನು?” ಅಂದಳು. ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. “ನೀ ಅಳಬ್ಯಾಡ. ನಿನಗ ನನ್ನಕಿಂತ ಜಾಸ್ತಿ ಬ್ಯಾಸರ ಆಗೇತಿ, ಗೊತ್ತೈತಿ ನನಗ.”

ಬೇಸರವಾಗಿತ್ತು, ನಿಜ. ಆದರೆ ಅದನ್ನೂ ಅವಳೇ ಹೇಳಿಬಿಟ್ಟಳಲ್ಲ. ಅವಳು ವಾಪಸು ಹೋಗುವಾಗ ದಾರಿ ಅವಳ ಕಾಲ ಕೆಳಗೇ ಉದ್ದವಾಗುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಮಕ್ತುಮಸಾಬರ ಮನೆ ದಾಟಿದ ಮೇಲೆ ಅವಳು ಒಂದು ಗಳಿಗೆ ನಿಂತು, ಸೊಂಟಕ್ಕೆ ಕೈಕೊಟ್ಟು, ಮುಂದಿನ ಬಯಲನ್ನು ನೋಡಿ ಮತ್ತೆ ಹೊರಟಳು. ಎಮ್ಮೆಯ ಹತ್ತಿರ ಹೋಗಿ ಒಂದು ವಾಕ್ಯ ಅಭ್ಯಾಸ ಮಾಡಿದೆ. ಎಮ್ಮೆ ಕಿವಿ ಅಲ್ಲಾಡಿಸಿತು. ಐದು ದಿನ ಅದೇ ವಾಕ್ಯ.

ನಾಲ್ಕನೆಯ ಸೋಮವಾರ ಬೆಳಿಗ್ಗೆ ಎಂಟಕ್ಕೆ ಹಾದಿಮನಿ ಸಾಹೇಬರು ತಮ್ಮದೇ ಗಾಲಿ ತಂದು ಅಂಗನವಾಡಿಯ ಬಾಗಿಲಿನಿಂದ ಉರುಳಿಸಿಕೊಂಡು ಬಂದರು. ಆ ತುದಿಯಲ್ಲಿ ದ್ರಾಕ್ಷಿ, ಅವಳ ಸೆರಗು ಹಿಡಿದ ಒಂಬತ್ತು ಮಕ್ಕಳು. ಈ ತುದಿಯಲ್ಲಿ ನಾನು, ನನ್ನ ಎರಡೂ ಕೈಗಳಲ್ಲಿ ಅವಳಿಗಳು. ನಡುವೆ ತಮ್ಮತಮ್ಮ ಕಟ್ಟೆಗಳ ಮೇಲೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತ ಮುದುಕರು. ಗಾಲಿ ಟಕ್ ಟಕ್ ಎನ್ನುತ್ತ ಬಂತು, ಬಯಲು ದಾಟಿತು, ನನ್ನ ಚಪ್ಪಲಿಗೆ ತಾಗಿ ನಿಂತಿತು. ಸಾಹೇಬರು ಕನ್ನಡಕ ಏರಿಸಿ ಡಬ್ಬಿ ನೋಡಿದರು.

“ಮುನ್ನೂರ ನಾಲ್ಕು.”

ಶಿವಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಹೇಬರು ಫೋನು ತೆಗೆದು ಅಂಕಿ ತುಂಬಿದರು. “ಕಾರಣದ ಕಾಲಂ ನೀವ ಹೇಳ್ರೆವಾ, ನಿಮ್ಮ ಓಣಿ. ಮೊದಲಿಂದೇ ಬರಕೊಳ್ಳಲೇನು? ಮಕ್ತುಮಸಾಬ್, ಶಿವಗಂಗವ್ವ?”

“ಅಲ್ಲ” ಅಂದೆ. ನನಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ಆ ತುದಿಯಿಂದ ದ್ರಾಕ್ಷಿ ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು. “ಸಾಹೇಬ್ರ! ಕಸ್ತೂರಿಗೆ ಹೇಳಾಕ ಬರಂಗಿಲ್ಲ, ಆಕೀ ಪರವಾಗಿ ನಾ ಹೇಳ್ತೀನಿ! ಮುದುಕರನ್ನ ಒಪ್ಪಸಾಕ ಇನ್ನೊಂದು ವಾರ ಟೈಮ್ ಕೊಡ್ರಿ ಅಂತಾಳ ಆಕಿ!”

ಕಾಲ ಕೆಳಗೆ ನೆಲ ಮೆಲ್ಲಗೆ ಜಾರಿತು. ಸಾಹೇಬರ ಗಾಲಿ ಯಾರೂ ಮುಟ್ಟದೆ ಟಕ್ ಎಂದಿತು, ಮುನ್ನೂರ ಐದು. ಅವರು ಡಬ್ಬಿ ನೋಡಿದರು, ದೂರದ ಮುದುಕರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಡಗೈಯಲ್ಲಿದ್ದ ಹುಡುಗಿ, “ಅಕ್ಕಾ, ಕೈ ಬಿಗಿ ಹಿಡದೀರಿ” ಅಂದಳು. ಕೈ ಬಿಟ್ಟೆ.

“ದ್ರಾಕ್ಷಿ” ಅಂದೆ. ಎಮ್ಮೆಗೆ ಹೇಳುತ್ತಿದ್ದ ದನಿಯಲ್ಲೇ ಅಂದೆ. ಅದು ಮಕ್ತುಮಸಾಬರ ಕಟ್ಟೆಯವರೆಗೂ ಮುಟ್ಟಲಿಲ್ಲ. ಅವರು ಕಿವಿಗೆ ಕೈ ಹಿಡಿದು “ಏನಂದೆವಾ?” ಎಂದರು. ಆ ತುದಿಯಲ್ಲಿ ದ್ರಾಕ್ಷಿ ಇನ್ನೂ ಕೈ ಅಲ್ಲಾಡಿಸುತ್ತಿದ್ದಳು, ನೀ ಸುಮ್ನಿರು, ನಾ ಅದೀನಿ ಎನ್ನುವ ಹಾಗೆ. ಅವಳು ಹೆಬ್ಬೆರಳಿನಷ್ಟು ಸಣ್ಣಗೆ ಕಾಣುತ್ತಿದ್ದಳು. ಆಗ ತಿಳಿಯಿತು. ಮೊದಲ ದಿನವೇ ಹೇಳಿದ್ದರೆ ಕಿವಿಯಲ್ಲಿ ಪಿಸುಗುಟ್ಟಿದ್ದರೂ ಸಾಕಾಗುತ್ತಿತ್ತು. ಈಗ ಹೇಳಬೇಕೆಂದರೆ ಓಣಿಗೆ ಓಣಿಯೇ ಕೇಳುವ ಹಾಗೆ ಕೂಗಬೇಕು. ಅಷ್ಟು ಉದ್ದ ನಾನೇ ಮಾಡಿಟ್ಟಿದ್ದೆ.

ಚಪ್ಪಲಿ ಬಿಟ್ಟು ನಮ್ಮ ಮನೆಯ ಕಟ್ಟೆ ಹತ್ತಿದೆ. ಕೈ ಎರಡೂ ಬಾಯಿಗೆ ಹಿಡಿದೆ. ಅದು ಅವಳನ್ನೇ ನೋಡಿ ಕಲಿತದ್ದು.

“ದ್ರಾಕ್ಷೀ! ಅದು ಮುದುಕರದಲ್ಲ, ನಂದು! ನನಗ ನಿನ್ನ ಮ್ಯಾಲ ಸಿಟ್ಟು ಬಂದೈತಿ!”